ಇಷ್ಟದ ವ್ಯಾಯಾಮ, ಕೊರತೆಯ ವ್ಯಾಯಾಮ

ಬೆಂಗಳೂರಿನ ಯಾವ ಬಡಾವಣೆಯ ಮುಖ್ಯರಸ್ತೆಯಲ್ಲಾದರೂ ಬೋರ್ಡುಗಳನ್ನು ಓದುತ್ತ ನಡೆದರೆ, ದೇಹವನ್ನು ಸರಿಯಾಗಿಟ್ಟುಕೊಳ್ಳಲು ಎಷ್ಟೊಂದು ಪಂಥಗಳಿವೆ ಎಂದು ಗಾಬರಿಯಾಗುತ್ತದೆ. ನೆಲಮಹಡಿಯಲ್ಲಿ ಜಿಮ್, ಅದರ ಮೇಲೆ ಯೋಗ, ಅದಕ್ಕೂ ಮೇಲೆ ಜುಂಬಾ. ಎದುರುಗಡೆ ಕರಾಟೆ, ತಿರುವಿನಲ್ಲಿ ಪಿಲಾಟಿಸ್, ಇತ್ತೀಚೆಗೆ ಕಳರಿಪಯಟ್ಟು ಕೂಡ. ಇಷ್ಟೆಲ್ಲ ಕೈಗೆಟಕುವಂತಿರುವಾಗ ಒಂದಕ್ಕೇ ಅಂಟಿಕೊಳ್ಳದೆ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ತೆಗೆದುಕೊಂಡು ತಮ್ಮದೇ ಒಂದು ದಿನಚರಿ ಹೊಂದಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಇದನ್ನು ಕಂಡು ಶುದ್ಧ ಪರಂಪರೆಯ ಪ್ರತಿಪಾದಕರು ಮೂಗು ಮುರಿಯುತ್ತಾರೆ. ಫಿಟ್ನೆಸ್ ವ್ಯಾಪಾರದವರಿಗೆ ಖುಷಿಯೋ ಖುಷಿ, ಒಬ್ಬನೇ ಗಿರಾಕಿ ನಾಲ್ಕು ಕಡೆ ಶುಲ್ಕ ಕಟ್ಟುತ್ತಾನೆ. ನನ್ನ ವಾದ ಇವರಿಬ್ಬರಿಗೂ ಪೂರ್ತಿ ಒಪ್ಪಿಗೆಯಾಗಲಾರದು. ಬೆರೆಸುವುದರಲ್ಲಿ ದೋಷವೇನೂ ಇಲ್ಲ. ಆದರೆ ನಮ್ಮಲ್ಲಿ ಬಹುಪಾಲು ಜನ ತಮಗೆ ಇಷ್ಟವಾದದ್ದನ್ನು, ಅಂದರೆ ಈಗಾಗಲೇ ಸಲೀಸಾಗಿ ಬರುವುದನ್ನು, ಆರಿಸಿ ಬೆರೆಸುತ್ತಾರೆ. ದೇಹಕ್ಕೆ ಏನು ಕಡಿಮೆಯಾಗಿದೆಯೋ ಅದನ್ನು ಹುಡುಕಿ ತಂದರೆ ಮಾತ್ರ ಬೆರಕೆಗೆ ಅರ್ಥ ಬರುತ್ತದೆ.

ಮೊದಲು ಶುದ್ಧತೆಯ ಮಾತು. ಅದು ಎಷ್ಟು ಪೊಳ್ಳು ಎಂಬುದಕ್ಕೆ ಮೈಸೂರಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಇವತ್ತು ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಪ್ರಾಚೀನ ಯೋಗವೆಂಬ ಹೆಸರಿನಲ್ಲಿ ಜನ ಮಾಡುವ ಆಸನಗಳ ಕ್ರಮದಲ್ಲಿ ದೊಡ್ಡ ಪಾಲು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ರೂಪುಗೊಂಡದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಹೊರಬಂತು. ಆಗ ಅವರ ಸುತ್ತ ಏನೇನಿತ್ತು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದವು, ಅವುಗಳಲ್ಲಿ ಹಗ್ಗ ಹಿಡಿದು ಮಾಡುವಂಥವೂ ಇದ್ದವು. ಊರ ತುಂಬ ಗರಡಿಮನೆಗಳಿದ್ದವು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ದೇಶಕ್ಕೆಲ್ಲ ಹಬ್ಬಿಸುತ್ತಿದ್ದರು. 1920ರಲ್ಲಿ ಮದರಾಸಿನಲ್ಲಿ ಆರಂಭವಾದ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯಿಂದ ಪಾಶ್ಚಾತ್ಯ ಡ್ರಿಲ್ಲು ದಕ್ಷಿಣದ ಶಾಲೆಗಳನ್ನು ತಲುಪುತ್ತಿತ್ತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದೇ ಹೆಚ್ಚು ಜನರಿಗೆ ಗೊತ್ತಿರುವ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಬಾರ್ಬೆಲ್ಲು, ಸೂರ್ಯನಮಸ್ಕಾರ, ಹಠಯೋಗ ಮೂರನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಅವರ ಶಿಷ್ಯರೊಬ್ಬರು ಇದೇ ಜಗನ್ಮೋಹನ ಅರಮನೆಯಲ್ಲಿ, ಕೃಷ್ಣಮಾಚಾರ್ಯರ ಶಾಲೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ, ಅಂಗಸಾಧನೆಯ ತರಗತಿ ನಡೆಸುತ್ತಿದ್ದರು.

ಗರಡಿಯ ದಂಡವನ್ನೂ ಕೃಷ್ಣಮಾಚಾರ್ಯರ ಪರಂಪರೆಯ ಅಷ್ಟಾಂಗ ವಿನ್ಯಾಸ ಯೋಗದ ನಡುಭಾಗವನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಪೈಲ್ವಾನ ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಭಾರ ಹಾಕಿ, ಸೊಂಟವನ್ನು ಮೇಲೆತ್ತಿ ನಿಲ್ಲುತ್ತಾನೆ. ಅಲ್ಲಿಂದ ಮೊಣಕೈ ಮಡಿಸಿ ಎದೆ ನೆಲವನ್ನು ಸವರುವ ಹಾಗೆ ಮುಂದಕ್ಕೆ ನುಗ್ಗಿ, ಬೆನ್ನು ಬಗ್ಗಿಸಿ ತಲೆಯೆತ್ತಿ, ಮತ್ತೆ ಸೊಂಟವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಯೋಗಾಭ್ಯಾಸಿ ಇದೇ ಚಲನೆಯನ್ನು ಚತುರಂಗ ದಂಡಾಸನ, ಊರ್ಧ್ವಮುಖ ಶ್ವಾನಾಸನ, ಅಧೋಮುಖ ಶ್ವಾನಾಸನ ಎಂದು ಮೂರು ನಿಲುಗಡೆಗಳಾಗಿ ಬಿಡಿಸಿ ಒಂದೊಂದಕ್ಕೂ ಉಸಿರಿನ ಲೆಕ್ಕ ಕೊಡುತ್ತಾನೆ. ನಾರ್ಮನ್ ಸ್ಜೋಮನ್ 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆಯೂ ಮಾರ್ಕ್ ಸಿಂಗಲ್ಟನ್ 2010ರಲ್ಲಿ ಆಧುನಿಕ ಆಸನಾಭ್ಯಾಸದ ಬಗ್ಗೆಯೂ ಬರೆದ ಪುಸ್ತಕಗಳು ಇಂಥ ಹೋಲಿಕೆಗಳನ್ನು ಸಾಕಷ್ಟು ತೋರಿಸಿವೆ. ಡೆನ್ಮಾರ್ಕಿನ ನೀಲ್ಸ್ ಬುಕ್ ಎಂಬಾತನ ಜಿಮ್ನಾಸ್ಟಿಕ್ಸಿನ ಜೊತೆಗಿನ ಹೋಲಿಕೆಯೂ ಅವುಗಳಲ್ಲಿ ಒಂದು. ಹೋಲಿಕೆ ಇದ್ದ ಮಾತ್ರಕ್ಕೆ ಸಾಲ ಪಡೆದದ್ದು ಎನ್ನಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಮನುಷ್ಯನ ಕೀಲುಗಳು ಬಗ್ಗುವ ದಿಕ್ಕುಗಳು ಎಷ್ಟಿದ್ದಾವು? ಆದರೆ ಒಂದೇ ಊರಿನಲ್ಲಿ, ಒಂದೇ ರಾಜನ ಪೋಷಣೆಯಲ್ಲಿ, ಒಂದೇ ಹೊತ್ತಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಇವು ಒಂದಕ್ಕೊಂದು ಸೋಕದೆ ಉಳಿದವು ಎಂದು ನಂಬಲು ಇನ್ನೂ ಹೆಚ್ಚಿನ ಭಕ್ತಿ ಬೇಕು.

ಇದಕ್ಕಿಂತ ಮುಖ್ಯವಾದದ್ದು ಮುಂದೆ ನಡೆದದ್ದು. ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರು ಬೆವರು ಹರಿಸುವ, ಎಣಿಕೆಗೆ ಬದ್ಧವಾದ ಕ್ರಮವನ್ನು ಮುಂದುವರಿಸಿದರು. ಬಾಲ್ಯದಲ್ಲಿ ಒಂದರ ಮೇಲೊಂದು ಕಾಯಿಲೆಯಿಂದ ಸೊರಗಿದ್ದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಲ್ಲಿ ನೆಲೆಸಿ, ಹಲಗೆ, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆಯಿಂದ ಒಂದೊಂದು ಆಸನದಲ್ಲೂ ಮೂಳೆ ಎಲ್ಲಿ ನಿಲ್ಲಬೇಕೆಂದು ಹುಡುಕಿದರು. ಆಮೇಲೆ ಶಿಷ್ಯೆಯಾಗಿ ಸೇರಿದ ಇಂದ್ರಾ ದೇವಿ ಹಾಲಿವುಡ್ಡಿನವರಿಗೆ ಹೊಂದುವ ಮೆದುವಾದ ಯೋಗ ಕಲಿಸಿದರು. ಸ್ವತಃ ಗುರುಗಳೇ 1950ರ ದಶಕದಲ್ಲಿ ಮದರಾಸಿಗೆ ಹೋದ ಮೇಲೆ, ಮೈಸೂರಿನ ಹುಡುಗರಿಗೆ ಕಲಿಸಿದ ರಭಸವನ್ನು ಬಿಟ್ಟು, ಬಂದವರ ವಯಸ್ಸು, ರೋಗ, ಕಸುಬು ನೋಡಿ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಹೇಳಿಕೊಟ್ಟರು. ಹೀಗೆ ಒಬ್ಬರೇ ಗುರುವಿನಿಂದ ಹೊರಟದ್ದು ನಾಲ್ಕು ದಾರಿಯಾಯಿತು. ಎದುರಿಗಿರುವ ದೇಹಕ್ಕೆ ಏನು ಬೇಕು ಎಂಬ ಪ್ರಶ್ನೆಯೇ ಪ್ರತಿಸಲ ದಾರಿಯನ್ನು ತಿರುಗಿಸಿತು. ಯೋಗದಾಚೆಗೂ ಇದೇ ಕತೆ. ಜೋಸೆಫ್ ಪಿಲಾಟಿಸ್ ಕುಸ್ತಿ, ಮುಷ್ಟಿಯುದ್ಧ, ಜಿಮ್ನಾಸ್ಟಿಕ್ಸುಗಳನ್ನು ಕಲೆಸಿದವನು. ಪಾರ್ಕುಗಳಲ್ಲಿ ಇಂದು ಕಾಣುವ 24 ಭಂಗಿಗಳ ತೈ ಚಿ ಯಾವ ಪರ್ವತದ ಸನ್ಯಾಸಿಯ ಸೃಷ್ಟಿಯೂ ಅಲ್ಲ, 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಜನಸಾಮಾನ್ಯರಿಗಾಗಿ ಹಳೆಯ ಪದ್ಧತಿಯೊಂದನ್ನು ಮೊಟಕುಗೊಳಿಸಿದ್ದು.

ಹಾಗಾದರೆ ಏನನ್ನು ನೋಡಿ ಆರಿಸಬೇಕು? ಪದ್ಧತಿ ಹುಟ್ಟಿದ ಊರನ್ನಲ್ಲ, ಅದು ದೇಹದಲ್ಲಿ ಮಾಡುವ ಕೆಲಸವನ್ನು. 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇಟಲಿಯ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರ ಒಂದು ಪುಟ್ಟ ಅಧ್ಯಯನ ಪ್ರಕಟವಾಯಿತು. 23 ಮಂದಿ ಆರೋಗ್ಯವಂತರಿಂದ ಒಮ್ಮೆ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ಇನ್ನೊಮ್ಮೆ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ಉಸಿರು, ಹೃದಯಬಡಿತ, ರಕ್ತದೊತ್ತಡಗಳನ್ನು ಅಳೆದರು. ಎರಡೂ ಜಪಗಳು ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು, ಎರಡರಲ್ಲೂ ಹೃದಯ ಮತ್ತು ರಕ್ತನಾಳಗಳ ಏರಿಳಿತಗಳು ಒಂದೇ ಲಯಕ್ಕೆ ಬಂದವು. ಭಕ್ತರಿಗೆ ಆ ಎರಡು ಜಪಗಳ ನಡುವೆ ಲೋಕದಷ್ಟು ಅಂತರವಿದೆ, ಇರಲಿ. ಉಸಿರು ನಿಧಾನಿಸುವ ಕೆಲಸಕ್ಕೆ ಮಾತ್ರ ಎರಡೂ ಸಮಾನವಾಗಿ ಒದಗುತ್ತವೆ.

ದೇಹವೂ ಇದೇ ರೀತಿ ನಿಷ್ಠುರ. ಅದರಿಂದ ಏನನ್ನು ಕೇಳುತ್ತೇವೋ ಅದನ್ನಷ್ಟೇ ಬೆಳೆಸಿಕೊಳ್ಳುತ್ತದೆ, ಕೇಳದಿದ್ದದ್ದನ್ನು ಸದ್ದಿಲ್ಲದೆ ಕೈಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಮೊದಲು ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಉಸಿರಾಟ ತುಸು ಏರುವಂಥ ಚಟುವಟಿಕೆ. ಅಲ್ಲಿಗೆ ಓದು ನಿಲ್ಲಿಸುವವರೇ ಹೆಚ್ಚು. ಅದೇ ಮಾರ್ಗಸೂಚಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ, 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡೂ ಸೇರಿದ ಅಭ್ಯಾಸವನ್ನೂ ಹೇಳುತ್ತದೆ. ಬೆರಕೆ ಏಕೆ ಬೇಕು ಎಂಬುದಕ್ಕೆ ಇನ್ನೂ ನೇರವಾದ ಪುರಾವೆ, ವಯಸ್ಸಾದವರು ಬೀಳುವುದನ್ನು ತಡೆಯುವ ಬಗ್ಗೆ 2019ರಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯಲ್ಲಿದೆ. 108 ಪ್ರಯೋಗಗಳು, 23 ಸಾವಿರಕ್ಕೂ ಹೆಚ್ಚು ಜನ. ಸಮತೋಲನದ ಮತ್ತು ದಿನಬಳಕೆಯ ಚಲನೆಗಳ ಅಭ್ಯಾಸ ಬೀಳುವ ಪ್ರಮಾಣವನ್ನು ಶೇ 24ರಷ್ಟು ತಗ್ಗಿಸಿತು. ತೈ ಚಿಯಿಂದ ಶೇ 19ರಷ್ಟು ತಗ್ಗಬಹುದು ಎಂಬುದು ಅಷ್ಟು ಗಟ್ಟಿಯಲ್ಲದ ಅಂದಾಜು. ಹೆಚ್ಚಾಗಿ ಸಮತೋಲನದ ಜೊತೆ ಬಲದ ವ್ಯಾಯಾಮ ಸೇರಿಸಿದಂಥ ಮಿಶ್ರ ಅಭ್ಯಾಸಗಳಲ್ಲಿ ಇಳಿಕೆ ಸುಮಾರು ಶೇ 34. ಬರೀ ನಡಿಗೆ, ಬರೀ ನೃತ್ಯ, ಬರೀ ಭಾರ ಎತ್ತುವಿಕೆಗಳ ವಿಷಯದಲ್ಲಿ ಖಚಿತವಾಗಿ ಏನೂ ಹೇಳಲಾಗದು ಎಂದು ಸಮೀಕ್ಷಕರು ಬರೆದರು. ನಮ್ಮ ಹಿರಿಯರಿಗೆ ವೈದ್ಯರಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಕೊಡುವ ಏಕೈಕ ಸಲಹೆ ‘ವಾಕಿಂಗ್ ಹೋಗಿ’ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು, ಅನುಮಾನವಿಲ್ಲ. ಬಚ್ಚಲುಮನೆಯಲ್ಲಿ ಕಾಲು ಜಾರಿದಾಗ ತಡೆದು ನಿಲ್ಲಿಸುವುದು ಬೇರೆ ಶಕ್ತಿ.

ಇಷ್ಟದ ಆಯ್ಕೆ ಎಡವಿಸುವುದು ಇಲ್ಲಿಯೇ. ಹುಟ್ಟಿನಿಂದ ಮೈ ಬಳುಕುವವರು ಯೋಗಕ್ಕೆ ಹೋಗುತ್ತಾರೆ, ಏಕೆಂದರೆ ಅಲ್ಲಿ ಮೊದಲ ದಿನವೇ ಶಹಬಾಸ್ ಸಿಗುತ್ತದೆ. ಕೀಲುಗಳು ಸಡಿಲವಿರುವ ಅವರಿಗೆ ನಿಜಕ್ಕೂ ಬೇಕಿದ್ದದ್ದು ಆ ಕೀಲುಗಳನ್ನು ಹಿಡಿದಿಡುವ ಸ್ನಾಯುಬಲ. ತೋಳಿನ ಕಸುವಿರುವ ಹುಡುಗ ಜಿಮ್ಮಿನಲ್ಲಿ ಎದೆಗೂ ತೋಳಿಗೂ ವಾರದಲ್ಲಿ ಮೂರು ದಿನ ಕೊಡುತ್ತಾನೆ. ಅವನಿಗೆ ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂರಲು ಹೇಳಿ ನೋಡಿ. ಅರ್ಧಕ್ಕೇ ಹಿಮ್ಮಡಿ ಮೇಲೇಳುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಕೈ ಗೋಡೆ ಹುಡುಕುತ್ತದೆ. ಕಮೋಡು ಮತ್ತು ಊಟದ ಮೇಜಿನ ನಡುವೆ ಬೆಳೆದ ತಲೆಮಾರಿನ ಮೀನಖಂಡಕ್ಕೂ ಸೊಂಟದ ಕೀಲಿಗೂ ಪೂರ್ತಿ ಮಡಿಚಿಕೊಳ್ಳುವ ಸಂದರ್ಭವೇ ಬಂದಿರುವುದಿಲ್ಲ. ಅವನಿಗೆ ಮಲಾಸನ ಬೇಕು, ಯೋಗಕ್ಕೆ ಹೋಗುವ, ಮೈ ಬಳುಕುವ ಅವನ ಅಕ್ಕನಿಗೆ ಡಂಬೆಲ್ ಬೇಕು. ಆಗುತ್ತಿರುವುದು ತಿರುವುಮುರುವು. ಐವತ್ತೈದರ ಬ್ಯಾಂಕ್ ನೌಕರರೊಬ್ಬರು ನಿತ್ಯ ಒಂದು ಗಂಟೆ ಪಾರ್ಕಿನಲ್ಲಿ ನಡೆಯುತ್ತಾರೆ ಎಂದುಕೊಳ್ಳಿ. ಅವರಿಗೆ ಇನ್ನೂ ಅರ್ಧ ಗಂಟೆ ನಡಿಗೆ ಸೇರಿಸಿದರೆ ಬರುವ ಲಾಭ ಸ್ವಲ್ಪ. ಆ ಗಂಟೆಯಲ್ಲೇ ಕಾಲು ಭಾಗ ಕಡಿತ ಮಾಡಿ, ವಾರದಲ್ಲಿ ಎರಡು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ ಸೇರಿಸಿಕೊಂಡರೆ ಬರುವ ಲಾಭ ಬಹಳ.

ಬಲದ ಮಾತನ್ನು ಇಷ್ಟು ಒತ್ತಿ ಹೇಳಲು ನಮ್ಮದೇ ಆದ ಕಾರಣವಿದೆ. 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊ ಪ್ರಕಟಿಸಿದರು. ಇಬ್ಬರೂ ತೆಳ್ಳಗಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ಅಂಗಿ ಸಡಿಲವಾಗಿ ಕೂರುವ ಭಾರತೀಯ ಗಂಡಸಿನ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರಬಹುದು ಎಂಬುದನ್ನು ಆ ಒಂದು ಪುಟ ಹೇಳಿದಷ್ಟು ಚೆನ್ನಾಗಿ ಇನ್ನಾವುದೂ ಹೇಳಿಲ್ಲ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದದ್ದು ಸ್ನಾಯು. ಅದೇ ಕಡಿಮೆಯಿದ್ದರೆ ಮಧುಮೇಹದ ದಾರಿ ಸಲೀಸು. ವಯಸ್ಸಾದ ಮೇಲೆ ಬಲ ಬರುವುದಿಲ್ಲ ಎಂಬ ನಂಬಿಕೆಯೂ ಬಿದ್ದುಹೋಗಿ ಬಹಳ ಕಾಲವಾಯಿತು. 1990ರಲ್ಲಿ ಸಂಶೋಧಕಿ ಮರಿಯಾ ಫಿಯಾಟರೋನ್ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವಯಸ್ಸಿನವರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದಾಗ ಅವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತ್ತು.

ಇಲ್ಲಿ ಎರಡು ಗಟ್ಟಿ ಆಕ್ಷೇಪಗಳು ಬರುತ್ತವೆ. ಹತ್ತು ಕಡೆ ಒಂದೊಂದು ಅಡಿ ತೋಡಿದರೆ ನೀರು ಸಿಗುವುದಿಲ್ಲ ಎಂಬುದು ಮೊದಲನೆಯದು, ಮತ್ತು ಇದಕ್ಕೆ ಪ್ರಯೋಗಶಾಲೆಯ ಬೆಂಬಲವೂ ಉಂಟು. ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ಒಂದು ತಂಡಕ್ಕೆ ಬರೀ ಬಲದ ವ್ಯಾಯಾಮ, ಇನ್ನೊಂದಕ್ಕೆ ಬರೀ ದಮ್ಮಿನ ವ್ಯಾಯಾಮ, ಮೂರನೆಯದಕ್ಕೆ ಎರಡನ್ನೂ ಹತ್ತು ವಾರ ಮಾಡಿಸಿದರು. ಎರಡನ್ನೂ ಮಾಡಿದವರ ದಮ್ಮು ಚೆನ್ನಾಗಿಯೇ ಬೆಳೆಯಿತು, ಬಲ ಮಾತ್ರ ಏಳನೆಯ ವಾರದ ಹೊತ್ತಿಗೆ ನಿಂತು ಆಮೇಲೆ ಇಳಿಯಿತು. ಬೆರೆಸುವುದಕ್ಕೆ ಬೆಲೆ ಕೊಡಬೇಕಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹಿಕ್ಸನ್ ಕೊಟ್ಟದ್ದು ವಾರಕ್ಕೆ ಐದಾರು ದಿನದ ಎರಡೆರಡು ಕಠಿಣ ತರಬೇತಿ. ಕ್ರೀಡಾಪಟುವಿಗೆ ಅದು ಎಚ್ಚರಿಕೆ. ವಾರಕ್ಕೆ ಎರಡು ಸಲ ಬಸ್ಕಿ ಹೊಡೆಯುವ ಗೃಹಸ್ಥನಿಗೆ ಆ ಇಕ್ಕಟ್ಟು ಬರುವಷ್ಟು ಶ್ರಮವೇ ಆಗಿರುವುದಿಲ್ಲ. ಅವನ ನಿಜವಾದ ಅಪಾಯ ಬೇರೆ. ಈ ತಿಂಗಳು ಇದು, ಮುಂದಿನ ತಿಂಗಳು ಅದು ಎಂದು ಹಾರುತ್ತಿದ್ದರೆ ಯಾವುದೂ ಮೈಗೆ ಹತ್ತುವುದಿಲ್ಲ. ಬೆರೆಸಿದ ಮೇಲೆ ಕೆಲವು ತಿಂಗಳಾದರೂ ಅದೇ ನಾಲ್ಕೈದು ಅಂಶಗಳನ್ನು ಬದಲಿಸದೆ ಮಾಡಬೇಕು, ಭಾರವನ್ನೋ ಎಣಿಕೆಯನ್ನೋ ಮಾತ್ರ ಮೆಲ್ಲಗೆ ಏರಿಸಬೇಕು. ಗರಡಿಯ ಉಸ್ತಾದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಸ ಹುಡುಗನಿಗೆ ಪಟ್ಟು ಹೇಳಿಕೊಡುವ ಮುಂಚೆ ಅವರು ಮಣ್ಣು ಹದ ಮಾಡಿಸುತ್ತಿದ್ದರು, ಬಸ್ಕಿ ಹೊಡೆಸುತ್ತಿದ್ದರು, ದಂಡ ತೆಗೆಸುತ್ತಿದ್ದರು.

ಎರಡನೆಯದು ಗುರುವಿನ ಪ್ರಶ್ನೆ. ಯೂಟ್ಯೂಬ್ ನೋಡಿ ಶೀರ್ಷಾಸನ ಹಾಕಿ ಕುತ್ತಿಗೆ ಹಿಡಿಸಿಕೊಂಡವರನ್ನು ಮೂಳೆ ವೈದ್ಯರು ಕಾಣುತ್ತಲೇ ಇರುತ್ತಾರೆ. ಒಂದು ಪದ್ಧತಿಯ ಬೆಲೆ ಅದರ ಭಂಗಿಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದರ ಕ್ರಮದಲ್ಲಿದೆ. ಯಾವುದು ಮೊದಲು, ಯಾವುದರ ನಂತರ ಅದನ್ನು ಸರಿದೂಗಿಸುವ ಯಾವ ಆಸನ, ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆಯನ್ನು ತಲೆಮಾರುಗಳು ಪೆಟ್ಟು ತಿಂದು ಗಳಿಸಿವೆ. ಭಂಗಿಯನ್ನಷ್ಟೇ ಕಿತ್ತು ತಂದರೆ ಆ ಎಚ್ಚರ ಅಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಕೊರತೆ ಯಾವುದೆಂದು ತಿಳಿದ ಮೇಲೆ ಅದನ್ನು ತುಂಬುವ ವಿದ್ಯೆಯನ್ನು ಕೆಲವು ತಿಂಗಳಾದರೂ ಬಲ್ಲವರೆದುರು ಕಲಿಯುವುದು ಉಚಿತ. ಮೊಣಕಾಲು ಒಳಕ್ಕೆ ಕುಸಿಯುತ್ತಿದೆ, ಭುಜ ಕಿವಿಗೆ ಏರುತ್ತಿದೆ ಎಂಬುದು ಮಾಡುವವನಿಗೆ ಕಾಣುವುದಿಲ್ಲ. ರಕ್ತದೊತ್ತಡ, ಕಣ್ಣಿನ ಒತ್ತಡ, ಮೂಳೆ ಸವೆತ ಇರುವವರು ತಲೆಕೆಳಗಾಗುವ ಆಸನಗಳ ತಂಟೆಗೆ ವೈದ್ಯರನ್ನು ಕೇಳದೆ ಹೋಗಬಾರದು. ಗುರು ಬೇಕು ಎಂಬುದು ನಿಜವಾದರೂ, ಎಲ್ಲಕ್ಕೂ ಒಬ್ಬರೇ ಗುರು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಯೋಗ ಬರೀ ವ್ಯಾಯಾಮವಲ್ಲ, ಅದನ್ನು ಡಂಬೆಲ್ಲಿನ ಪಕ್ಕದಲ್ಲಿಟ್ಟು ಕೊರತೆ ಲೆಕ್ಕ ಹಾಕುವುದೇ ಅಪಚಾರ ಎನ್ನುವವರಿದ್ದಾರೆ. ಮೋಕ್ಷಮಾರ್ಗವಾಗಿ ಯೋಗ ಮಾಡುವವರಿಗೆ ಈ ಲೇಖನ ಸಂಬಂಧಿಸಿದ್ದಲ್ಲ. ಆದರೆ ಸಕ್ಕರೆ ಇಳಿಯಲಿ, ಸೊಂಟನೋವು ಹೋಗಲಿ ಎಂದು ಮಾಡುವವರು, ಅಂದರೆ ತರಗತಿಗೆ ಹೋಗುವ ಬಹುಪಾಲು ಜನ, ಅದರಿಂದ ಏನಾಗುತ್ತದೆ ಏನಾಗುವುದಿಲ್ಲ ಎಂದು ಕೇಳುವುದರಲ್ಲಿ ಅಪಚಾರವೇನೂ ಇಲ್ಲ. ನಿಧಾನಗತಿಯ ಆಸನಗಳು ಹೃದಯಕ್ಕೆ ಲಘು ಶ್ರಮವಷ್ಟೆ. ಎಳೆಯುವ ಚಲನೆ, ಅಂದರೆ ಬಾವಿಯಿಂದ ನೀರು ಸೇದುವಂಥದ್ದು, ಆಸನಗಳಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಜಿಮ್ಮಿನಲ್ಲಿ ಉಸಿರಿನ ಶಿಕ್ಷಣವಿಲ್ಲ, ಬಿಡುವಿಗೆ ಬೆಲೆಯಿಲ್ಲ, ಶವಾಸನದಂಥದ್ದೊಂದು ಇಲ್ಲದ್ದರಿಂದ ಜನ ಬೆವರೊರೆಸಿಕೊಂಡು ನೇರ ಟ್ರಾಫಿಕ್ಕಿಗೆ ಇಳಿಯುತ್ತಾರೆ.

ಕೊನೆಯದಾಗಿ, ನಮ್ಮಜ್ಜಿಯರು ಯಾವ ಕ್ಲಾಸಿಗೆ ಹೋಗಿದ್ದರು ಎಂಬ ಪ್ರಶ್ನೆ. ಹೋಗಿರಲಿಲ್ಲ, ಏಕೆಂದರೆ ಅವರ ದಿನವೇ ಬೆರಕೆಯಾಗಿತ್ತು. ಬೀಸುಕಲ್ಲಿನಲ್ಲಿ ತೋಳು ಬೆನ್ನು, ಬಾವಿಯಲ್ಲಿ ಹಿಡಿತ, ಸೊಂಟದ ಮೇಲಿನ ಕೊಡದಲ್ಲಿ ಭಾರ ಮತ್ತು ಸಮತೋಲನ, ಒಲೆಯ ಮುಂದೆ ಕುಕ್ಕರಗಾಲು, ಹೊಲಕ್ಕೆ ಹೋಗಿಬರುವ ನಡಿಗೆ. ಇದನ್ನು ರಮ್ಯವಾಗಿಸುವುದು ಬೇಡ. ಬಿಡುವಿಲ್ಲದ ದುಡಿಮೆ, ಮೇಲಿಂದ ಮೇಲೆ ಹೆರಿಗೆ, ಕಡಿಮೆ ಊಟದಿಂದ ನಲವತ್ತಕ್ಕೇ ನಡು ಬಗ್ಗಿದವರೂ ಅವರೇ. ಈಗ ಮಿಕ್ಸಿ, ನಲ್ಲಿ, ಗ್ಯಾಸು ಬಂದು ಆ ಭಾರ ಇಳಿಯಿತು, ಬೇಯಿಸಿ ಬಡಿಸುವ ಹೊತ್ತು ಇಳಿಯಲಿಲ್ಲ. 2022ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಅದು ಶೇ 42, ಹೆಂಗಸರಲ್ಲಿ ಶೇ 57. ದಿನವಿಡೀ ಮನೆಯಲ್ಲಿ ನಿಂತೇ ಇರುವ ಹೆಂಗಸಿಗೆ ‘ನಿನಗೇಕೆ ವ್ಯಾಯಾಮ, ಮನೆಗೆಲಸ ಸಾಲದೇ’ ಎನ್ನುವ ಗಂಡನ ಮಾತಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಬಗ್ಗುವುದು, ಒರೆಸುವುದು, ನಿಲ್ಲುವುದು ಅವಳಿಗೆ ಬೇಕಾದಷ್ಟು ಆಗಿದೆ. ಆಗದಿರುವುದು ಉಸಿರು ಏರುವಷ್ಟು ಬಿರುಸಿನ ನಡಿಗೆ, ಮೂಳೆಗೆ ತಾಕುವಷ್ಟು ಭಾರ, ಯಾರೂ ಕರೆಯದ ಇಪ್ಪತ್ತು ನಿಮಿಷದ ವಿಶ್ರಾಂತಿ. ಅವಳ ಅಭ್ಯಾಸ ಈ ಮೂರರಿಂದ ಶುರುವಾಗಬೇಕು, ಮತ್ತು ಮೂರನೆಯದನ್ನು ಅವಳಿಗೆ ಯಾವ ಪದ್ಧತಿಯೂ ಕೊಡಲಾರದು, ಮನೆಯವರು ರಾತ್ರಿಯ ಪಾತ್ರೆ ತೊಳೆದರೆ ಸಿಕ್ಕೀತು.